ಹಾವು ಕಚ್ಚುತ್ತದೆ ಅಂತ ಗೊತ್ತಿದ್ದೇ ಕೈಗೆತ್ತಿಕೊಳ್ಳುವವರು

ಅಮೆರಿಕದ ಕೆಲವು ಚರ್ಚ್‌ಗಳಲ್ಲಿ ಆರಾಧನೆ ನಡೆಯುವಾಗ ಜನ ವಿಷದ ಹಾವನ್ನು ಬರಿಗೈಯಲ್ಲಿ ಎತ್ತಿ ಹಿಡಿದು ಕುಣಿಯುತ್ತಾರೆ. ಇದರ ವಿಡಿಯೋ ನೀವೂ ಎಲ್ಲಾದರೂ ನೋಡಿರಬಹುದು. ನೋಡಿದ ತಕ್ಷಣ ಅನಿಸುವುದು ಎರಡೇ. ಒಂದೋ ಇವರಿಗೆ ತಲೆ ಕೆಟ್ಟಿದೆ, ಇಲ್ಲವೇ ಹಾವಿನ ಹಲ್ಲು ಕಿತ್ತಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಇದರ ಬಗ್ಗೆ ಓದುತ್ತಾ ಹೋದ ಹಾಗೆ ಎರಡೂ ತಪ್ಪು ಅಂತ ಗೊತ್ತಾಯಿತು. ಹಲ್ಲು ಕಿತ್ತಿರುವುದಿಲ್ಲ, ಜನರಿಗೆ ತಲೆಯೂ ಕೆಟ್ಟಿಲ್ಲ. ಹಾಗಿದ್ದರೆ ಯಾಕೆ ಹೀಗೆ ಮಾಡುತ್ತಾರೆ? ಕಚ್ಚಿದರೆ ಏನಾಗುತ್ತದೆ? ಪಕ್ಕದವನು ಕಚ್ಚಿಸಿಕೊಂಡು ಸತ್ತಿದ್ದನ್ನು ಕಣ್ಣಾರೆ ನೋಡಿದವರು ಮುಂದಿನ ವಾರ ಅದೇ ಪೆಟ್ಟಿಗೆಗೆ ಕೈ ಹಾಕುತ್ತಾರಲ್ಲ, ಅದು ಹೇಗೆ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹಾವು, ದೇವರು ಅಂದ ಕೂಡಲೇ ನಮಗೆ ನಾಗರಪಂಚಮಿ ನೆನಪಾಗುತ್ತದೆ. ಹುತ್ತಕ್ಕೆ ಹಾಲೆರೆಯುವುದು, ನಾಗಬನ, ಕುಕ್ಕೆ ಸುಬ್ರಹ್ಮಣ್ಯ. ನಮ್ಮಲ್ಲಿ ಹಾವೇ ದೇವರು. ಈ ಚರ್ಚ್‌ಗಳಲ್ಲಿ ಪೂರ್ತಿ ಉಲ್ಟಾ. ಅವರ ಬೈಬಲ್ಲಿನಲ್ಲಿ ಏದೆನ್ ತೋಟದಲ್ಲಿ ಮೊದಲ ಹೆಂಗಸು ಹವ್ವಳ ತಲೆ ಕೆಡಿಸಿದ್ದೇ ಹಾವು. ಅವರಿಗೆ ಹಾವು ಅಂದರೆ ಸೈತಾನ, ಹಾವು ಅಂದರೆ ಸಾವು. ಅದನ್ನು ಅವರು ಪೂಜಿಸುವುದಿಲ್ಲ. ಸಾವನ್ನೇ ಕೈಯಲ್ಲಿ ಹಿಡಿದು, ನನ್ನ ದೇವರು ಇದಕ್ಕಿಂತ ದೊಡ್ಡವನು ಅಂತ ತೋರಿಸುವುದು ಅವರ ಉದ್ದೇಶ.

ಈ ಪದ್ಧತಿ ಇರುವುದು ಅಮೆರಿಕದ ಪೂರ್ವ ಭಾಗದ ಅಪಲಾಚಿಯನ್ ಬೆಟ್ಟಸಾಲಿನಲ್ಲಿ. ಟೆನೆಸ್ಸಿ, ಕೆಂಟಕಿ, ವೆಸ್ಟ್ ವರ್ಜೀನಿಯಾ, ಅಲಬಾಮಾ ಈ ಕಡೆಯ ಬೆಟ್ಟದ ಊರುಗಳು. ಕಲ್ಲಿದ್ದಲು ಗಣಿಯ ಕೆಲಸ, ಸಣ್ಣ ಹೊಲ, ಕೈಯಲ್ಲಿ ಜಾಸ್ತಿ ದುಡ್ಡಿಲ್ಲದ ಮನೆಗಳು. ಚರ್ಚ್ ಅಂದರೆ ಎತ್ತರದ ಗೋಪುರ, ಬಣ್ಣದ ಗಾಜು ಅಂತೆಲ್ಲ ಊಹಿಸಿಕೊಳ್ಳಬೇಡಿ. ಹೆಚ್ಚಿನವು ಒಂದೇ ಕೋಣೆಯ ಸಣ್ಣ ಕಟ್ಟಡಗಳು, ಪಾಸ್ಟರ್ ಕೂಡ ವಾರವೆಲ್ಲ ಬೇರೆ ಕೆಲಸ ಮಾಡಿಕೊಂಡು ಭಾನುವಾರ ಪ್ರಸಂಗ, ಅಂದರೆ ಧರ್ಮೋಪದೇಶ, ಮಾಡುವವರು. ಇವರು ಪೆಂಟಕೋಸ್ಟಲ್ ಮತ್ತು ಹೋಲಿನೆಸ್ ಪಂಗಡಗಳಿಂದ ಬಂದವರು. ಪವಿತ್ರಾತ್ಮ, ಅಂದರೆ ದೇವರ ಆತ್ಮದ ನೇರ ಅನುಭವಕ್ಕೂ ಕಟ್ಟುನಿಟ್ಟಿನ ಶುದ್ಧ ಬದುಕಿಗೂ ಒತ್ತು ಕೊಡುವ ಕ್ರೈಸ್ತ ಪಂಗಡಗಳಿವು. ಆದರೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜಗತ್ತಿನಲ್ಲಿ ಕೋಟಿಗಟ್ಟಲೆ ಪೆಂಟಕೋಸ್ಟಲ್ ವಿಶ್ವಾಸಿಗಳಿದ್ದಾರೆ, ಅವರಲ್ಲಿ ಹಾವು ಹಿಡಿಯುವವರು ತೀರಾ ಕಮ್ಮಿ. ಉಳಿದ ಕ್ರೈಸ್ತರು ಇದನ್ನು ಒಪ್ಪುವುದಿಲ್ಲ, ಹಲವರು ಕಟುವಾಗಿ ವಿರೋಧಿಸುತ್ತಾರೆ. ನಮ್ಮ ಪಕ್ಕದ ಬೀದಿಯ ಚರ್ಚ್‌ಗೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ.

ಆರಾಧನೆ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಹೆಂಗಸರು ಕೂದಲು ಕತ್ತರಿಸಿರುವುದಿಲ್ಲ, ಉದ್ದ ಲಂಗ, ಒಡವೆ ಇಲ್ಲ, ಮುಖಕ್ಕೆ ಬಣ್ಣವಿಲ್ಲ. ಗಂಡಸರು ತುಂಬು ತೋಳಿನ ಅಂಗಿ ಹಾಕಿರುತ್ತಾರೆ. ಎಲೆಕ್ಟ್ರಿಕ್ ಗಿಟಾರು, ಡ್ರಮ್ಮು, ಕೈಯಲ್ಲಿ ಆಡಿಸುವ ಗೆಜ್ಜೆತಟ್ಟೆ, ಜೋರು ಹಾಡು. ಮುಂದುಗಡೆ ಪ್ರಸಂಗಪೀಠದ ಹತ್ತಿರ ಚಪ್ಪಟೆ ಮರದ ಪೆಟ್ಟಿಗೆಗಳು. ಗಾಳಿಯಾಡಲು ಜಾಲರಿ, ಮೇಲೆ ಮುಚ್ಚಳ, ಚಿಲಕ, ಬೀಗ. ಕೆಲವು ಪೆಟ್ಟಿಗೆಯ ಮೇಲೆ ಬೈಬಲ್ಲಿನ ವಚನ ಕೆತ್ತಿರುತ್ತಾರೆ. ಒಳಗೆ ರ್‍ಯಾಟಲ್ ಸ್ನೇಕ್, ಅಂದರೆ ಬಾಲದ ತುದಿಯಲ್ಲಿ ಮಗುವಿನ ಗಿಲಕಿಯ ಹಾಗೆ ಸದ್ದು ಮಾಡುವ ಹಾವು, ಇಲ್ಲವೇ ತಾಮ್ರದ ಬಣ್ಣದ ಕಾಪರ್‌ಹೆಡ್. ಎರಡೂ ಆ ಬೆಟ್ಟಗಳಲ್ಲೇ ಸಿಗುವಂಥವು, ವಿಶ್ವಾಸಿಗಳೇ ಹೋಗಿ ಹಿಡಿದು ತಂದಿರುತ್ತಾರೆ. ಹಾಡು ಏರುತ್ತಾ ಹೋದ ಹಾಗೆ ಯಾರೋ ಒಬ್ಬರು ಮುಂದೆ ಬಂದು ಬೀಗ ತೆಗೆಯುತ್ತಾರೆ. ಒಂದು ಹಾವು ಕೈಯಿಂದ ಕೈಗೆ ಹೋಗುತ್ತದೆ. ಕೆಲವರು ಮೂರು ನಾಲ್ಕನ್ನು ಒಟ್ಟಿಗೇ ಹಿಡಿಯುತ್ತಾರೆ. ಎಲ್ಲರೂ ಹಿಡಿಯಲೇಬೇಕು ಅಂತಿಲ್ಲ, ಬಂದವರಲ್ಲಿ ಎಷ್ಟೋ ಜನ ಹಿಂದೆಯೇ ಕೂತಿರುತ್ತಾರೆ. ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಇದಕ್ಕೆಲ್ಲ ಆಧಾರ ಬೈಬಲ್ಲಿನ ಎರಡು ವಚನಗಳು. ಮಾರ್ಕನ ಸುವಾರ್ತೆ, 16ನೇ ಅಧ್ಯಾಯ, 17 ಮತ್ತು 18. ಸತ್ತು ಎದ್ದುಬಂದ ಯೇಸು ಶಿಷ್ಯರಿಗೆ ಹೇಳುವ ಮಾತು ಅದು. ನಂಬುವವರಲ್ಲಿ ಐದು ಗುರುತು ಕಾಣುತ್ತವೆ ಎನ್ನುತ್ತಾನೆ: ದೆವ್ವ ಬಿಡಿಸುತ್ತಾರೆ, ಹೊಸ ಭಾಷೆಗಳಲ್ಲಿ ಮಾತಾಡುತ್ತಾರೆ, ಹಾವುಗಳನ್ನು ಎತ್ತುತ್ತಾರೆ, ವಿಷ ಕುಡಿದರೂ ಕೇಡಾಗುವುದಿಲ್ಲ, ರೋಗಿಗಳ ಮೇಲೆ ಕೈಯಿಟ್ಟರೆ ವಾಸಿಯಾಗುತ್ತದೆ. ಬೇರೆ ಪೆಂಟಕೋಸ್ಟಲ್ ಚರ್ಚ್‌ಗಳು ಇದರಲ್ಲಿ ಮೂರನ್ನು ದಿನವೂ ಮಾಡುತ್ತವೆ. ದೆವ್ವ ಬಿಡಿಸುವುದು, ಅನ್ಯಭಾಷೆ (ಪವಿತ್ರಾತ್ಮ ಬಂದಾಗ ತಾವು ಕಲಿಯದ ಭಾಷೆಯಲ್ಲಿ ಮಾತಾಡುವುದು), ರೋಗಿಗಳಿಗೆ ಪ್ರಾರ್ಥನೆ. ಬೆಟ್ಟದ ಜನ ಕೇಳುವ ಪ್ರಶ್ನೆ ಇಷ್ಟೇ: ಅದೇ ಸಾಲಿನಲ್ಲಿ ಇರುವ ಐದರಲ್ಲಿ ಮೂರನ್ನು ಇಟ್ಟುಕೊಂಡು ಎರಡನ್ನು ಬಿಡಲು ನಿಮಗೆ ಹೇಳಿದ್ದು ಯಾರು? ನಿಜ ಹೇಳಬೇಕೆಂದರೆ ಈ ಪ್ರಶ್ನೆಗೆ ಸುಮ್ನೆ ನಕ್ಕು ಮುಂದೆ ಹೋಗಲು ನನಗೆ ಆಗಲಿಲ್ಲ. ಗ್ರಂಥದಲ್ಲಿ ಇದ್ದದ್ದು ಇದ್ದ ಹಾಗೇ ನಿಜ ಅಂತ ಒಪ್ಪಿಕೊಂಡವರಿಗೆ ಇದು ಕಷ್ಟದ ಪ್ರಶ್ನೆಯೇ.

ಇನ್ನೊಂದು ಸೂಕ್ಷ್ಮ ಇದೆ. ಆ ವಚನದಲ್ಲಿ ವಿಷದ ಮಾತು ಬರುವಾಗ "ಕುಡಿದರೆ" ಅಂತಿದೆ. ಹಾವಿನ ಮಾತಿಗೆ "ಎತ್ತಿದರೆ" ಅಂತಿಲ್ಲ, "ಎತ್ತುವರು" ಅಂತಿದೆ. ಹಾಗಾಗಿ ಇವರಲ್ಲಿ ಹಲವರು ಹಾವನ್ನು ಅಪ್ಪಣೆಯ ಹಾಗೆ ಓದುತ್ತಾರೆ, ವಿಷವನ್ನು ಅವರವರ ಇಷ್ಟಕ್ಕೆ ಬಿಡುತ್ತಾರೆ. ಒಂದು "ರೆ" ಪ್ರತ್ಯಯದ ವ್ಯತ್ಯಾಸದ ಮೇಲೆ ಜೀವ ನಿಂತಿದೆ.

ವಿದ್ವಾಂಸರು ಹೇಳುವುದು ಬೇರೆ. ಮಾರ್ಕನ ಸುವಾರ್ತೆ ಇರುವ ಅತಿ ಹಳೆಯ ದೊಡ್ಡ ಹಸ್ತಪ್ರತಿಗಳು ಎರಡು, ಕೋಡೆಕ್ಸ್ ವ್ಯಾಟಿಕಾನಸ್ ಮತ್ತು ಕೋಡೆಕ್ಸ್ ಸೈನೈಟಿಕಸ್. ಎರಡೂ 4ನೇ ಶತಮಾನದವು. ಇವೆರಡರಲ್ಲೂ ಆ ಸುವಾರ್ತೆ 16ನೇ ಅಧ್ಯಾಯದ 8ನೇ ವಚನಕ್ಕೇ ಮುಗಿದುಹೋಗುತ್ತದೆ. 9ರಿಂದ 20ರವರೆಗಿನ ಭಾಗ ಆಮೇಲೆ ಯಾರೋ ಸೇರಿಸಿದ್ದು ಅಂತ ಹೆಚ್ಚಿನ ಬೈಬಲ್ ವಿದ್ವಾಂಸರ ಅಭಿಪ್ರಾಯ. ಅಂದರೆ ಹಾವಿನ ಮಾತು ಮೂಲದಲ್ಲಿ ಇರಲೇ ಇಲ್ಲ ಅನ್ನಬಹುದು. ಆದರೆ ಈ ಬೆಟ್ಟಗಳಲ್ಲಿ ಓದುವುದು 1611ರ ಇಂಗ್ಲಿಷ್ ಅನುವಾದ, ಕಿಂಗ್ ಜೇಮ್ಸ್ ಬೈಬಲ್. ಅದರಲ್ಲಿ ಆ ವಚನ ಇದೆ. ಅಷ್ಟು ಸಾಕು ಅವರಿಗೆ. ಅಪೊಸ್ತಲ ಪೌಲನಿಗೆ ಮಾಲ್ಟಾ ದ್ವೀಪದಲ್ಲಿ ಹಾವು ಕಚ್ಚಿಯೂ ಏನೂ ಆಗಲಿಲ್ಲ ಎಂಬ ಕತೆಯನ್ನೂ ಜೊತೆಗೆ ಹೇಳುತ್ತಾರೆ. ಪೌಲ ಹಾವನ್ನು ಹುಡುಕಿಕೊಂಡು ಹೋಗಿರಲಿಲ್ಲ, ಒಲೆಗೆ ಹಾಕುತ್ತಿದ್ದ ಸೌದೆಯಿಂದ ಅದು ಹೊರಗೆ ಬಂತು ಅನ್ನುವುದು ನನಗೆ ದೊಡ್ಡ ವ್ಯತ್ಯಾಸವಾಗಿ ಕಾಣುತ್ತದೆ. ದೇವರನ್ನು ಪರೀಕ್ಷಿಸಬೇಡ ಅಂತಲೂ ಅದೇ ಬೈಬಲ್ಲಿನಲ್ಲಿ ಯೇಸು ಹೇಳಿದ್ದಾನೆ. ವಿರೋಧಿಸುವ ಕ್ರೈಸ್ತರು ಮೊದಲು ಎತ್ತಿ ತೋರಿಸುವುದೇ ಈ ಮಾತನ್ನು.

ಪದ್ಧತಿ ಅಷ್ಟೇನೂ ಹಳೆಯದಲ್ಲ. ಸುಮಾರು 1910ರ ಹೊತ್ತಿಗೆ ಟೆನೆಸ್ಸಿಯಲ್ಲಿ ಜಾರ್ಜ್ ವೆಂಟ್ ಹೆನ್ಸ್ಲಿ ಎಂಬ ಬೋಧಕ ಇದನ್ನು ಶುರು ಮಾಡಿದ, ಅಥವಾ ಕಡೇಪಕ್ಷ ಊರೂರಿಗೆ ಹರಡಿದ. ಅವನಿಗೆ ಓದಲು ಬರುತ್ತಿರಲಿಲ್ಲ. ಆ ವಚನ ತಲೆಯಲ್ಲಿ ಕೊರೆಯುತ್ತಿತ್ತಂತೆ. ವೈಟ್ ಓಕ್ ಬೆಟ್ಟ ಹತ್ತಿ ಪ್ರಾರ್ಥನೆ ಮಾಡಿದ, ಅಲ್ಲಿ ಸಿಕ್ಕ ರ್‍ಯಾಟಲ್ ಸ್ನೇಕನ್ನು ಕೈಗೆತ್ತಿಕೊಂಡ, ಅದು ಕಚ್ಚಲಿಲ್ಲ ಎಂಬುದು ಅವನ ಕತೆ. ಅವನ ಚರ್ಚ್ ಆದ ಚರ್ಚ್ ಆಫ್ ಗಾಡ್ ಮೊದಮೊದಲು ಇದನ್ನು ಒಪ್ಪಿಕೊಂಡಿತ್ತು, ಸಾವುಗಳು ಶುರುವಾದ ಮೇಲೆ ದೂರ ಸರಿಯಿತು. ಹೆನ್ಸ್ಲಿ ನಡುವೆ ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬಿದ್ದ, ನಾಲ್ಕು ಮದುವೆಯಾದ, ಮತ್ತೆ ಮತ್ತೆ ಬೋಧನೆಗೆ ಮರಳಿದ. ನೂರಾರು ಸಲ ಕಚ್ಚಿಸಿಕೊಂಡಿದ್ದೇನೆ ಅಂತ ಹೇಳುತ್ತಿದ್ದ. 1955ರ ಜುಲೈನಲ್ಲಿ ಫ್ಲಾರಿಡಾದ ಆಲ್ತಾ ಹತ್ತಿರ ಒಂದು ಕೂಟದಲ್ಲಿ ಹಾವು ಕಚ್ಚಿತು. ಆಸ್ಪತ್ರೆ ಬೇಡ ಅಂದ. ಮರುದಿನ ತೀರಿಕೊಂಡ.

ಶುರು ಮಾಡಿದವನೇ ಹಾವು ಕಚ್ಚಿ ಸತ್ತ ಮೇಲೆ ಪದ್ಧತಿ ನಿಂತುಹೋಗಬೇಕಿತ್ತಲ್ವಾ? ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಅನ್ನುವುದೇ ಈ ವಿಷಯದ ತಿರುಳು.

ನಾವು ಹೊರಗಿನವರು ಅಂದುಕೊಳ್ಳುವುದು, ನಂಬಿಕೆ ಇದ್ದರೆ ಹಾವು ಕಚ್ಚುವುದಿಲ್ಲ ಅಂತ ಇವರು ನಂಬಿದ್ದಾರೆ ಅಂತ. ಅವರನ್ನೇ ಕೇಳಿದರೆ ಹಾಗೆ ಹೇಳುವುದಿಲ್ಲ. ವಚನವನ್ನು ಇನ್ನೊಮ್ಮೆ ನೋಡಿ. ಎತ್ತುವರು ಅಂತಿದೆ, ಕಚ್ಚುವುದಿಲ್ಲ ಅಂತ ಎಲ್ಲೂ ಇಲ್ಲ. ಇವರ ಪಾಲಿಗೆ ಮುಖ್ಯವಾದದ್ದು ವಿಧೇಯತೆ. ದೇವರು ಹೇಳಿದ, ನಾನು ಮಾಡಿದೆ. ಮುಂದಿನದು ಅವನಿಗೆ ಬಿಟ್ಟದ್ದು. ಇವರ ನಡುವೆ ವರ್ಷಗಟ್ಟಲೆ ಓಡಾಡಿ ಅಧ್ಯಯನ ಮಾಡಿದ ರಾಲ್ಫ್ ಹುಡ್ ಎಂಬ ಮನಃಶಾಸ್ತ್ರದ ಪ್ರಾಧ್ಯಾಪಕರೂ ಇದನ್ನೇ ಒತ್ತಿ ಹೇಳುತ್ತಾರೆ. ಇವರಿಗೆ ಹಾವು ಕೊಲ್ಲುತ್ತದೆ ಅಂತ ಚೆನ್ನಾಗಿ ಗೊತ್ತು. ಹಲವರ ಬೆರಳು ಸೊಟ್ಟಗಿರುವ, ಕೆಲವರ ಬೆರಳೇ ಇಲ್ಲದ ಸಭೆಯಲ್ಲಿ ಕೂತವರಿಗೆ ಅದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕೈಗೆತ್ತಿಕೊಳ್ಳುವ ಹೊತ್ತಿನಲ್ಲಿ "ಅಭಿಷೇಕ" ಆಗುತ್ತದೆ ಅಂತ ಹೆಚ್ಚಿನವರು ಹೇಳುತ್ತಾರೆ. ಪವಿತ್ರಾತ್ಮ ಮೈಮೇಲೆ ಇಳಿದ ಹಾಗೆ. ಒಬ್ಬರಿಗೆ ಕೈ ಮರಗಟ್ಟುತ್ತದೆ, ಇನ್ನೊಬ್ಬರಿಗೆ ಮೈ ಬಿಸಿಯಾಗುತ್ತದೆ, ಮತ್ತೊಬ್ಬರಿಗೆ ಭಯವೆಲ್ಲ ಹೋಗಿ ಮನಸ್ಸು ಹಗುರ ಆಗುತ್ತದೆ. ಅಭಿಷೇಕ ಆಗದೆ ಮುಟ್ಟಬಾರದು ಅನ್ನುವವರು ಕೆಲವರು. ವಚನ ಇದೆಯಲ್ಲ, ನಂಬಿಕೆಯೊಂದಿದ್ದರೆ ಸಾಕು ಅನ್ನುವವರು ಇನ್ನು ಕೆಲವರು. ಗಂಟೆಗಟ್ಟಲೆ ಹಾಡು, ತಾಳ, ಕುಣಿತ, ಸುತ್ತ ನಿಂತ ತಮ್ಮವರ ಪ್ರಾರ್ಥನೆ ಇವೆಲ್ಲ ಸೇರಿದಾಗ ಮನುಷ್ಯನಿಗೆ ಹೀಗೆ ಆಗುವುದು ಸುಳ್ಳಲ್ಲ. ಅವರು ನಟಿಸುತ್ತಿಲ್ಲ ಅಂತಲೇ ನನ್ನ ಅಭಿಪ್ರಾಯ.

ಈಗ ಈ ನಂಬಿಕೆಯ ಒಳಗಿನ ಲೆಕ್ಕ ನೋಡಿ. ಹಾವು ಕಚ್ಚಲಿಲ್ಲ, ದೇವರು ಕಾಪಾಡಿದ. ಕಚ್ಚಿತು ಆದರೆ ಬದುಕಿದ, ದೇವರು ವಾಸಿ ಮಾಡಿದ. ಕಚ್ಚಿ ಸತ್ತ, ಅವನ ಆಯುಷ್ಯ ಮುಗಿದಿತ್ತು, ವಿಧೇಯನಾಗಿಯೇ ಹೋದ. ಅಥವಾ ಅಭಿಷೇಕ ಇಳಿದುಹೋದ ಮೇಲೂ ಹಿಡಿದುಕೊಂಡಿದ್ದ. ಅಥವಾ ಹಾವಿಗೆ ನಿಜವಾಗಿ ವಿಷ ಇದೆ ಅಂತ ನಂಬದವರಿಗೆ ತೋರಿಸಲು ದೇವರೇ ಹೀಗೆ ಮಾಡಿದ. ಏನೇ ಆದರೂ ನಂಬಿಕೆಗೆ ಪೆಟ್ಟು ಬೀಳುವ ದಾರಿಯೇ ಇಲ್ಲ. ಇಲ್ಲೇ ನನಗೆ ನಿಜವಾಗಿ ಭಯವಾಗುವುದು. ತಪ್ಪಾಗಿದೆ ಅಂತ ಹೇಳಲು ಸಾವಿಗೂ ಆಗದಿದ್ದರೆ, ಮತ್ತೆ ಯಾವುದಕ್ಕೆ ಆಗುತ್ತದೆ?

ಹಾಗಾದರೆ ಇಷ್ಟು ವರ್ಷ ಇಷ್ಟು ಜನ ಹಿಡಿದರೂ ಸತ್ತವರು ಸುಮಾರು ನೂರರ ಆಸುಪಾಸು ಮಾತ್ರ ಯಾಕೆ ಅಂತ ಕೇಳಬಹುದು. ಇದಕ್ಕೆ ಹಾವಿನ ಕಡೆಯಿಂದಲೇ ಉತ್ತರ ಇದೆ. ಹಾವಿಗೆ ವಿಷ ಇರುವುದು ಇಲಿ ಹಿಡಿಯಲು, ಮನುಷ್ಯನಿಗಾಗಿ ಅಲ್ಲ. ವಿಷ ತಯಾರಾಗಲು ಅದರ ಮೈಯಿಂದ ಖರ್ಚಿದೆ, ಹಾಗಾಗಿ ಸುಮ್ಮನೆ ಕಕ್ಕುವುದಿಲ್ಲ. ಈ ಜಾತಿಯ ಹಾವು ಕಚ್ಚಿದಾಗ ಸುಮಾರು ನಾಲ್ಕರಲ್ಲಿ ಒಂದು ಸಲ ವಿಷ ಬಿಡುವುದೇ ಇಲ್ಲ, ಬರೀ ಹಲ್ಲಿನ ಗಾಯ. ಎತ್ತಿ ಹಿಡಿದಾಗ ಗಾಬರಿಯಾದ ಹಾವು ಅಲ್ಲಾಡದೆ ನೇತಾಡುವುದೂ ಉಂಟು. ಕೆಂಟಕಿಯ ಸ್ಲೇಡ್‌ನಲ್ಲಿರುವ ಕೆಂಟಕಿ ರೆಪ್ಟೈಲ್ ಝೂನ ಹಾವು ತಜ್ಞರು ಇನ್ನೊಂದು ಮಾತು ಹೇಳಿದ್ದಾರೆ. ಇಂಥ ಪೆಟ್ಟಿಗೆಗಳಲ್ಲಿ ಇಟ್ಟ ಹಾವುಗಳಿಗೆ ನೀರು, ಆಹಾರ, ಶುಚಿ ಸರಿಯಾಗಿ ಸಿಗದೆ ಬಡಕಲಾಗಿರುತ್ತವೆ, ಅಂಥವು ಕಚ್ಚಲು ಬರುವುದೂ ಕಮ್ಮಿ, ವಿಷದ ಬಲವೂ ಕಮ್ಮಿ ಇರಬಹುದು ಅಂತ. ಕಾಡಿನಲ್ಲಿ ವರ್ಷಗಟ್ಟಲೆ ಬದುಕುವ ಪ್ರಾಣಿ ಪೆಟ್ಟಿಗೆಯಲ್ಲಿ ಕೆಲವೇ ತಿಂಗಳಿಗೆ ಸಾಯುತ್ತದೆ. ಈ ಕತೆಯಲ್ಲಿ ಹಾವಿನ ಸಂಕಟದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಅದು ನನಗೆ ಬೇಜಾರು.

ಆದರೆ ವಿಷ ಬಿಟ್ಟರೆ ಏನಾಗುತ್ತದೆ? ರ್‍ಯಾಟಲ್ ಸ್ನೇಕ್ ನಮ್ಮ ಕೊಳಕು ಮಂಡಲದ ದೂರದ ನೆಂಟ. ವಿಷದ ಕೆಲಸವೂ ಸುಮಾರಾಗಿ ಅದೇ ಥರ. ಕಚ್ಚಿದ ಜಾಗದಲ್ಲಿ ಬೆಂಕಿ ಇಟ್ಟ ಹಾಗೆ ಉರಿ. ಕೈ ನೋಡನೋಡುತ್ತಾ ಊದಿಕೊಳ್ಳುತ್ತದೆ, ಚರ್ಮ ನೀಲಿ ಕಪ್ಪಾಗುತ್ತದೆ. ವಿಷದಲ್ಲಿರುವ ಕಿಣ್ವಗಳು ಮಾಂಸವನ್ನೂ ಸಣ್ಣ ರಕ್ತನಾಳಗಳ ಗೋಡೆಯನ್ನೂ ಕರಗಿಸುತ್ತವೆ. ರಕ್ತ ಹೆಪ್ಪುಗಟ್ಟುವ ಶಕ್ತಿ ಹೋಗುತ್ತದೆ. ನಾಳಗಳಿಂದ ನೀರು ಸೋರಿ ಬಿಪಿ ಕುಸಿಯುತ್ತದೆ, ಆಮೇಲೆ ಮೂತ್ರಪಿಂಡ, ಹೃದಯ. ಕೆಲವು ಕಡೆಯ ರ್‍ಯಾಟಲ್ ಸ್ನೇಕ್‌ಗಳಲ್ಲಿ ನರಕ್ಕೆ ಹೊಡೆಯುವ ವಿಷವೂ ಇರುತ್ತದೆ. ಇದಕ್ಕೆ ಇರುವ ಔಷಧಿ ಒಂದೇ, ಆ್ಯಂಟಿ ವೆನಮ್ ಇಂಜೆಕ್ಷನ್. ಅದು ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿದು ಕಟ್ಟಿಹಾಕುತ್ತದೆ. ಆಗಲೇ ಸತ್ತುಹೋದ ಮಾಂಸವನ್ನು ಬದುಕಿಸಲು ಅದರಿಂದ ಆಗದು. ಹಾಗಾಗಿ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು.

ಲೆಕ್ಕ ನೋಡಿದರೆ ಇದು ಎದ್ದು ಕಾಣುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ 7,000ದಿಂದ 8,000 ಜನಕ್ಕೆ ವಿಷದ ಹಾವು ಕಚ್ಚುತ್ತದೆ, ಸಾಯುವವರು ಐದಾರು ಮಂದಿ. ಉಳಿದವರು ಬದುಕುವುದು ಆಸ್ಪತ್ರೆಗೆ ಹೋಗುವುದರಿಂದ. ಈ ಚರ್ಚ್‌ಗಳಲ್ಲಿ ಸಾಯುವವರು ಹೆಚ್ಚಾಗಿ ಹೋಗದೆ ಇದ್ದವರು. ಹೋಗಬೇಡಿ ಅಂತ ಎಲ್ಲ ಕಡೆ ಕಟ್ಟುನಿಟ್ಟಿನ ನಿಯಮ ಇಲ್ಲ, ಕಚ್ಚಿಸಿಕೊಂಡವರ ಇಷ್ಟ ಅನ್ನುತ್ತಾರೆ. ಆದರೆ ಅಷ್ಟು ಸಣ್ಣ ಊರಿನಲ್ಲಿ, ಸುತ್ತ ಎಲ್ಲರೂ ಮಂಡಿಯೂರಿ ನಿಮಗಾಗಿ ಪ್ರಾರ್ಥಿಸುತ್ತಿರುವಾಗ, ಆಂಬುಲೆನ್ಸ್ ಕರೆಯಿರಿ ಅಂತ ಬಾಯಿಬಿಟ್ಟು ಕೇಳುವುದು ಎಷ್ಟು ಕಷ್ಟ ಅಂತ ಯೋಚಿಸಿ.

ಜೇಮಿ ಕೂಟ್ಸ್ ಅವರ ಸಾವು ಇದನ್ನೇ ತೋರಿಸುತ್ತದೆ. ಕೆಂಟಕಿಯ ಮಿಡಲ್ಸ್‌ಬರೋ ಊರಿನ ಪಾಸ್ಟರ್. 2013ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಚಾನೆಲ್‌ನ ಕಾರ್ಯಕ್ರಮದಲ್ಲಿ ಬಂದಿದ್ದರಿಂದ ದೇಶಕ್ಕೆಲ್ಲ ಗೊತ್ತಿದ್ದವರು. ಹಿಂದೆ ಹಲವು ಸಲ ಕಚ್ಚಿಸಿಕೊಂಡಿದ್ದರು, ಒಂದು ಬೆರಳಿನ ಭಾಗವನ್ನೂ ಕಳೆದುಕೊಂಡಿದ್ದರು. 2014ರ ಫೆಬ್ರುವರಿ 15, ಶನಿವಾರ ರಾತ್ರಿ ಆರಾಧನೆಯಲ್ಲಿ ಬಲಗೈಗೆ ರ್‍ಯಾಟಲ್ ಸ್ನೇಕ್ ಕಚ್ಚಿತು. ಮನೆಗೆ ಹೋದರು. ಆಂಬುಲೆನ್ಸ್‌ನವರು ಚರ್ಚ್‌ಗೆ ಬಂದು, ಅಲ್ಲಿಂದ ಮನೆಗೇ ಬಂದರು. ಅಂದರೆ ಔಷಧಿಗೆ ಕರೆದೊಯ್ಯುವ ಗಾಡಿ ಬಾಗಿಲಲ್ಲೇ ನಿಂತಿತ್ತು. ಚಿಕಿತ್ಸೆ ಬೇಡ ಅಂತ ಹೇಳಿ ಕಳಿಸಿದರು. ಸುಮಾರು ಒಂದು ಗಂಟೆ ಬಿಟ್ಟು ಮತ್ತೆ ಬಂದು ನೋಡುವಾಗ ಕೂಟ್ಸ್ ತೀರಿಕೊಂಡಿದ್ದರು. 42 ವರ್ಷ.

ಅದಕ್ಕೂ ಎರಡು ವರ್ಷ ಮೊದಲು, 2012ರ ಮೇ ತಿಂಗಳಲ್ಲಿ, ವೆಸ್ಟ್ ವರ್ಜೀನಿಯಾದ ಪಾಸ್ಟರ್ ಮ್ಯಾಕ್ ವೋಲ್ಫರ್ಡ್ ತೊಡೆಗೆ ಕಚ್ಚಿಸಿಕೊಂಡು ಗಂಟೆಗಟ್ಟಲೆ ಒದ್ದಾಡಿ ಸತ್ತರು. ಆಸ್ಪತ್ರೆಗೆ ಕೊಂಡೊಯ್ಯುವಾಗ ಕಾಲ ಮೀರಿತ್ತು. ಅವರ ತಂದೆ 1983ರಲ್ಲಿ ಹೀಗೇ ಸತ್ತಿದ್ದರು, ಹದಿನೈದು ವರ್ಷದ ಮಗ ಅದನ್ನು ಹತ್ತಿರ ಕೂತು ನೋಡಿದ್ದ.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ಕುಟುಂಬ. 1995ರಲ್ಲಿ ಇದೇ ಮಿಡಲ್ಸ್‌ಬರೋ ಚರ್ಚ್‌ನಲ್ಲಿ 28 ವರ್ಷದ ಹೆಣ್ಣುಮಗಳೊಬ್ಬಳಿಗೆ ಹಾವು ಕಚ್ಚಿತು. ಎರಡು ದಿನ ಬಿಟ್ಟು ಸತ್ತಳು. ಐದು ಮಕ್ಕಳ ತಾಯಿ. ಮೂರು ವರ್ಷ ಕಳೆದು 1998ರಲ್ಲಿ ಆಕೆಯ ಗಂಡ, ಅವನೂ ಬೋಧಕ, ಅಲಬಾಮಾದ ಒಂದು ಚರ್ಚ್‌ನಲ್ಲಿ ಪ್ರಸಂಗ ಮಾಡುತ್ತಿರುವಾಗಲೇ ಕಚ್ಚಿಸಿಕೊಂಡು ಸತ್ತ. ಐದು ಮಕ್ಕಳು ತಬ್ಬಲಿಗಳಾದರು. ದೊಡ್ಡವರು ತಮ್ಮ ಜೀವದ ಬಗ್ಗೆ ತಾವೇ ತೀರ್ಮಾನ ಮಾಡಲಿ ಅನ್ನುವ ಮಾತು ಕೇಳಲು ಸರಿಯಾಗಿದೆ. ಈ ಐವರನ್ನು ಯಾರೂ ಕೇಳಿರಲಿಲ್ಲ.

ವಿಷ ಕುಡಿಯುವುದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನೀರಿಗೆ ಸ್ಟ್ರಿಕ್‌ನೀನ್ ಬೆರೆಸಿ ಗಾಜಿನ ಜಾಡಿಯಲ್ಲಿ ಇಟ್ಟಿರುತ್ತಾರೆ. ನಮ್ಮ ಕಾಸರಕದ ಬೀಜದಲ್ಲಿ ಇರುವ ವಿಷವೇ ಅದು. ಸ್ನಾಯುಗಳಿಗೆ ಇರುವ ಕಡಿವಾಣವನ್ನೇ ಅದು ತೆಗೆದುಬಿಡುತ್ತದೆ. ಮೈಯೆಲ್ಲ ಸೆಟೆದು ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ಉಸಿರಾಡಲು ಆಗುವುದಿಲ್ಲ. ಪ್ರಜ್ಞೆ ಮಾತ್ರ ಇರುತ್ತದೆ. 1973ರಲ್ಲಿ ಟೆನೆಸ್ಸಿಯ ಕಾರ್ಸನ್ ಸ್ಪ್ರಿಂಗ್ಸ್ ಎಂಬಲ್ಲಿ ಒಂದೇ ಆರಾಧನೆಯಲ್ಲಿ ಇದನ್ನು ಕುಡಿದು ಇಬ್ಬರು ಸತ್ತರು.

ಕಾನೂನು ಏನು ಮಾಡಿತು ಅಂದರೆ, ಕೆಂಟಕಿ 1940ರಲ್ಲೇ ಆರಾಧನೆಯಲ್ಲಿ ಹಾವು ಬಳಸುವುದನ್ನು ನಿಷೇಧಿಸಿತು, 1947ರಲ್ಲಿ ಟೆನೆಸ್ಸಿ. ವೆಸ್ಟ್ ವರ್ಜೀನಿಯಾ ನಿಷೇಧಿಸಲೇ ಇಲ್ಲ. ಕಾರ್ಸನ್ ಸ್ಪ್ರಿಂಗ್ಸ್ ಸಾವುಗಳ ನಂತರ ಕೇಸು ಟೆನೆಸ್ಸಿಯ ಸುಪ್ರೀಂ ಕೋರ್ಟಿಗೆ ಹೋಯಿತು. 1975ರಲ್ಲಿ ಕೋರ್ಟು ಹೇಳಿದ್ದು: ನಂಬುವುದಕ್ಕೆ ಮಿತಿ ಇಲ್ಲ, ನಂಬಿದ್ದನ್ನು ಮಾಡುವುದಕ್ಕೆ ಮಿತಿ ಇದೆ, ಸುಮ್ಮನೆ ವಿಧವೆಯರೂ ಅನಾಥರೂ ಆಗದಂತೆ ತಡೆಯುವ ಹಕ್ಕು ರಾಜ್ಯಕ್ಕಿದೆ ಅಂತ. ನನಗೆ ಈ ಮಾತು ಸರಿ ಅನಿಸುತ್ತದೆ. ಆದರೆ ಪೊಲೀಸರು ಚರ್ಚ್ ಒಳಗೆ ನುಗ್ಗಿ ಹಿಡಿಯುವುದು ಅಪರೂಪ. ಹಿಡಿದಷ್ಟೂ ಇವರಿಗೆ ಅದು ನಂಬಿಕೆಗಾಗಿ ಅನುಭವಿಸಿದ ಹಿಂಸೆಯಾಗಿ ಕಾಣುತ್ತದೆ, ಹಠ ಗಟ್ಟಿಯಾಗುತ್ತದೆ. 2013ರಲ್ಲಿ ಟೆನೆಸ್ಸಿಯ ಲಫಾಲೆಟ್ ಊರಿನ ಯುವ ಪಾಸ್ಟರ್ ಆ್ಯಂಡ್ರೂ ಹ್ಯಾಂಬ್ಲಿನ್ ಅವರ ಚರ್ಚ್‌ನಿಂದ ವನ್ಯಜೀವಿ ಅಧಿಕಾರಿಗಳು 53 ಹಾವು ವಶಪಡಿಸಿಕೊಂಡರು. ಮೊಕದ್ದಮೆ ನಡೆಸಲು ಊರಿನ ಜನರಿಂದಲೇ ಆದ ಗ್ರ್ಯಾಂಡ್ ಜ್ಯೂರಿ ಒಪ್ಪಲಿಲ್ಲ.

ದೂರದ ಬೆಟ್ಟದ ಕತೆ ಇದು, ನಮಗೇನು ಅನ್ನಬಹುದು. ಹಾವು ಕಚ್ಚಿದ ಮೇಲಿನ ಆ ಮೊದಲ ಒಂದೆರಡು ಗಂಟೆ ಮಾತ್ರ ನಮ್ಮದೂ ಹೌದು. ಭಾರತದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸುಮಾರು 58,000 ಜನ ಸಾಯುತ್ತಾರೆ ಎಂಬ ಅಂದಾಜಿದೆ. ನಮ್ಮ ಹಳ್ಳಿಗಳಲ್ಲಿ ಯಾರೂ ಬೇಕಂತ ಕಚ್ಚಿಸಿಕೊಳ್ಳುವುದಿಲ್ಲ, ಗದ್ದೆಯಲ್ಲಿ, ಕತ್ತಲೆಯಲ್ಲಿ ತುಳಿದು ಕಚ್ಚಿಸಿಕೊಳ್ಳುತ್ತಾರೆ. ಆಸ್ಪತ್ರೆ ದೂರ ಅನ್ನುವುದು ಒಂದು. ಮಂತ್ರ ಹಾಕಿಸಿ, ಬೇರು ಅರೆದು ಹಚ್ಚಿ, ನೋಡೋಣ ಅಂತ ಕೂತು ಹೊತ್ತು ಕಳೆಯುವುದು ಇನ್ನೊಂದು. ವಿಷ ಬಿಡದ ಕಡಿತಕ್ಕೆ ಮಂತ್ರ ಹಾಕಿದವನಿಗೆ ಹೆಸರು ಬರುವುದೂ, ಬೆಟ್ಟದ ಚರ್ಚ್‌ನಲ್ಲಿ ಪ್ರಾರ್ಥನೆಗೆ ಹೆಸರು ಬರುವುದೂ ಒಂದೇ ಥರ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ, ಒಳ್ಳೆಯ ಕೆಲಸ.

ಜೇಮಿ ಕೂಟ್ಸ್ ಸತ್ತ ಮೇಲೆ ಅವರ ಮಗ ಕೋಡಿ ಅದೇ ಚರ್ಚ್‌ನ ಪಾಸ್ಟರ್ ಆದರು. ಅವರೂ ಹಾವು ಹಿಡಿದರು. ಕೆಲವು ವರ್ಷಗಳ ನಂತರ ಆರಾಧನೆಯ ನಡುವೆ ರ್‍ಯಾಟಲ್ ಸ್ನೇಕ್ ಅವರ ಕಿವಿಯ ಹತ್ತಿರ ಕಚ್ಚಿತು. 2018ರಲ್ಲಿ ಹೊರಬಂದ ಅದರ ವಿಡಿಯೋದಲ್ಲಿ ಬಿಳಿ ಅಂಗಿಯ ಮೇಲೆ ರಕ್ತ ಇಳಿಯುವುದು ಕಾಣುತ್ತದೆ. ಸ್ವಲ್ಪ ಹೊತ್ತು ಪ್ರಸಂಗ ಮುಂದುವರಿಸಲು ನೋಡಿದರು, ಆಮೇಲೆ ನಿಲ್ಲಲಾಗಲಿಲ್ಲ. ನನ್ನನ್ನು ಬೆಟ್ಟದ ತುದಿಗೆ ಕರೆದುಕೊಂಡು ಹೋಗಿ, ಬದುಕಬೇಕೋ ಸಾಯಬೇಕೋ ದೇವರೇ ತೀರ್ಮಾನಿಸಲಿ ಅಂತ ಕೋಡಿ ಹೇಳಿದರು. ಜೊತೆಯಲ್ಲಿದ್ದವರು ಬೆಟ್ಟಕ್ಕೆ ಹೋಗಲಿಲ್ಲ. ಗಾಡಿಯನ್ನು ಆಸ್ಪತ್ರೆಯ ಕಡೆಗೆ ಓಡಿಸಿದರು. ಕೋಡಿ ಬದುಕಿದರು.